ಪಕ್ಕದ ಮನೆ ಅಜ್ಜಿಯ ಬೂಟಿನ ಡಬ್ಬ, ನೂರು ಕೋಟಿಯ ಮ್ಯಾಂಟಲ್ ಕಾರ್ಡು: ಈ ಬೆಲೆಗಳಿಗೆ ಅರ್ಥ ಇದೆಯಾ?

ಹಡ್ಸನ್‌ದಂಡೆ
ಎಲ್ಲರಿಗೂ ನಮಸ್ಕಾರ. ನಾನು ನಾಣ್ಯದವನು, ಕಾರ್ಡಿನವನಲ್ಲ. ಟಿಪ್ಪು ಕಾಲದ ಆನೆ ಕಾಸು, ಮೈಸೂರು ಸಂಸ್ಥಾನದ ಬಿಡಿ ಕಾಸು, ಇಷ್ಟೇ ನನ್ನ ಲೋಕ. ಆದರೂ ಇಲ್ಲಿ ಕೇಳ್ತಾ ಇದ್ದೀನಿ, ಯಾಕಂದ್ರೆ ಎರಡು ದಿನದಿಂದ ನಿದ್ದೆ ಸರಿಯಾಗಿಲ್ಲ.

ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೇಲಿ 80 ದಾಟಿದ ಅಜ್ಜಿ ಒಬ್ಬರಿದ್ದಾರೆ. ಯಜಮಾನರು ಹೋದ ವರ್ಷ ತೀರಿಕೊಂಡರು. ಈಗ ಮನೆ ಮಾರಿ ಮಗಳ ಹತ್ತಿರ ಹೊರಟಿದ್ದಾರೆ. ಭಾನುವಾರ ಕರೆದು, "ನೀನು ಹಳೇ ದುಡ್ಡೆಲ್ಲ ಭೂತಗನ್ನಡೀಲಿ ನೋಡ್ತಿರ್ತೀಯಲ್ಲ, ಇದನ್ನೂ ಸ್ವಲ್ಪ ನೋಡು" ಅಂತ ಒಂದು ಬೂಟಿನ ಡಬ್ಬ ಕೈಗಿಟ್ಟರು. ಒಳಗೆ ಎರಡು ಕಟ್ಟು ಬೇಸ್‌ಬಾಲ್ ಕಾರ್ಡು, ಆಟಗಾರರ ಚಿತ್ರ ಇರೋ ರಟ್ಟಿನ ಚೀಟಿಗಳು. ರಬ್ಬರ್ ಬ್ಯಾಂಡು ಒಣಗಿ ಅಂಟಿಕೊಂಡಿತ್ತು, ಮುಟ್ಟಿದ ಕೂಡಲೇ ಪುಡಿಪುಡಿ ಆಯ್ತು. ಬೇರೆಯಾಗಿ, ಒಂದು ಪ್ಲಾಸ್ಟಿಕ್ ಕವರಲ್ಲಿ ಒಂದೇ ಒಂದು ಕಾರ್ಡು: 1950ರ ದಶಕದ ದೊಡ್ಡ ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್. ಹಳದಿ ಬ್ಯಾಟು ಹೆಗಲ ಮೇಲೆ, ಹಿಂದೆ ನೀಲಿ. ಹಿಂಬದಿಯಲ್ಲಿ ನಂಬರು 311.

ಹುಡುಕಿ ನೋಡಿದೆ. 1952ರ ಟಾಪ್ಸ್ ಕಂಪನಿಯ ಇದೇ ಕಾರ್ಡು 2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 12.6 ಮಿಲಿಯನ್ ಡಾಲರಿಗೆ ಹೋಗಿದೆ. ಆಗಿನ ಲೆಕ್ಕಕ್ಕೆ ಸುಮಾರು ನೂರು ಕೋಟಿ ರೂಪಾಯಿ. ಕೈ ನಡುಗಿತು ಅಂದ್ರೆ ಸುಳ್ಳಲ್ಲ. ಡಬ್ಬ ಈಗ ನಮ್ಮ ದೇವರ ಮನೇಲಿದೆ. ಅಜ್ಜಿಗೆ ಏನೂ ಹೇಳಿಲ್ಲ. ಮುಂದೇನು ಮಾಡಲಿ?

ಧಾರವಾಡ_ಪೇಢಾ
ಯಪ್ಪಾ! ನೂರು ಕೋಟಿ ಅಂದ್ರ ನಮ್ಮ ಕಡೆ ಎಷ್ಟು ಎಕರೆ ಎರಿ ಹೊಲಾ ಬರ್ತೈತಿ ಗೊತ್ತೇನ್ರಿ? ರಟ್ಟಿನ ತುಂಡು ಅದು. ಬಬಲ್ ಗಮ್ ಜೋಡಿ ಪುಕಟ ಕೊಟ್ಟಿದ್ದು. ಹುಚ್ಚು ಮುಂಡೆ ಮದುವ್ಯಾಗ ಉಂಡಾಂವನ ಜಾಣ ಅಂತಾರಲ್ಲ, ಹಂಗ ಐತಿ ಇದು. ಮಾರಿ ಕೈ ತೊಳಕೋಳ್ರಿ ಅಂತ ಅಜ್ಜಿಗೆ ಹೇಳ್ರಿ.

ಮೂರುನದಿ
ಹಡ್ಸನ್‌ದಂಡೆಯವರೇ, ದೇವರ ಮನೆಯಿಂದ ಡಬ್ಬ ಈಚೆ ತನ್ನಿ, ಒಂದು ಸ್ಕೇಲ್ ತಗೊಳ್ಳಿ. ನಾನು ಪಿಟ್ಸ್‌ಬರ್ಗಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು, ಅದರಲ್ಲಿ ಇಪ್ಪತ್ತಾರು ವರ್ಷ ಈ ಗೀಳು. ಮ್ಯಾಂಟಲ್ ಸಿಕ್ಕಿತು ಅಂತ ವರ್ಷಕ್ಕೆ ಮೂರ್ನಾಲ್ಕು ಫೋನಾದರೂ ಬರುತ್ತೆ.

1952ರ ಅಸಲಿ ಕಾರ್ಡು ಅಗಲ 2⅝ ಇಂಚು, ಎತ್ತರ 3¾ ಇಂಚು. ಆಮೇಲಿನ ಕಾಲದ ಕಾರ್ಡುಗಳಿಗಿಂತ ಒಂದು ಕೂದಲೆಳೆ ದೊಡ್ಡದು. 1983ರಲ್ಲಿ ಟಾಪ್ಸ್ ಕಂಪನಿಯೇ ಆ ಸೆಟ್ಟನ್ನು ಹೆಚ್ಚೂಕಮ್ಮಿ ಪೂರ್ತಿ ಮರುಮುದ್ರಣ ಮಾಡಿತು. ಅದರ ಅಳತೆ 2½ಕ್ಕೆ 3½. ಹಿಂಬದಿಯಲ್ಲಿ ಮರುಮುದ್ರಣ ಅಂತ ಸಣ್ಣಕ್ಷರದಲ್ಲಿ ಇರುತ್ತೆ. 1996ರಲ್ಲೂ ಮ್ಯಾಂಟಲ್ ನೆನಪಿಗೆ ಮರುಮುದ್ರಣದ ಒಂದು ಸಾಲು ಬಂತು. ಕವರಿನಿಂದ ತೆಗೆಯುವಾಗ ಅಂಚು ಹಿಡೀರಿ, ಮುಖ ಮುಟ್ಟಬೇಡಿ. ಅಳೆದು ಇಲ್ಲಿ ಬರೀರಿ. ಅಲ್ಲೀತನಕ ಅಜ್ಜಿ ಹತ್ರ ಬಾಯಿ ಬಿಡಬೇಡಿ.

ಹಡ್ಸನ್‌ದಂಡೆ
ಅಳೆದೆ. ಎತ್ತರ 3½. ಸರಿಯಾಗಿ ಮೂರೂವರೆ, ಒಂದು ಗೆರೆ ಹೆಚ್ಚಿಲ್ಲ. ಹಿಂದೆ ತಿರುಗಿಸಿ ಭೂತಗನ್ನಡಿ ಹಿಡಿದರೆ ನೀವು ಹೇಳಿದ ಅಕ್ಷರ ಅಲ್ಲೇ ಕೂತಿದೆ. ಎರಡು ದಿನ ಕಣ್ಣೆದುರಿಗೇ ಇತ್ತು, ನನಗೆ ಓದಲಿಕ್ಕೆ ಇಷ್ಟ ಇರಲಿಲ್ಲ ಅನ್ಸುತ್ತೆ.

ಹೋಗಲಿ. ಆದರೆ ಆ ಎರಡು ಕಟ್ಟು? ಅದರಲ್ಲಿ ಕಾರ್ಡುಗಳ ಅಳತೆ 3¾ ಬರ್ತಾ ಇದೆ. ಒಟ್ಟು 94. ಹೆಸರುಗಳು ನನಗೆ ಒಂದೂ ಗೊತ್ತಿಲ್ಲ. ಒಂದು ಕಟ್ಟಿನ ಎಲ್ಲಕ್ಕಿಂತ ಮೇಲಿದ್ದದ್ದು ಆಂಡಿ ಪಾಫ್ಕೋ ಅಂತ ಬ್ರೂಕ್ಲಿನ್ ತಂಡದವನು. ಹಿಂದೆ ಕೆಂಪು ಶಾಯಿ, ನಂಬರ್ 1. ಎಡಕ್ಕೂ ಬಲಕ್ಕೂ ರಬ್ಬರ್ ಬ್ಯಾಂಡ್ ಕಚ್ಚಿದ ಗುರುತಿದೆ, ಇಲಿ ಹಲ್ಲು ಹಾಕಿದ ಹಾಗೆ. ಮುಖದ ಮೇಲೆ ಅಡ್ಡಕ್ಕೆ ಒಂದು ಕಂದು ಗೆರೆ.

ಮೂರುನದಿ
ಪಾಫ್ಕೋ! ಸಾರ್, ನೀವು ನೂರು ಕೋಟಿ ಕಳ್ಕೊಂಡು ಇಡೀ ಹವ್ಯಾಸದಲ್ಲೇ ನನಗೆ ಬಹಳ ಇಷ್ಟವಾದ ಕತೆಯನ್ನ ಕೈಲಿ ಹಿಡ್ಕೊಂಡಿದ್ದೀರಿ.

ಆಂಡಿ ಪಾಫ್ಕೋ ಒಳ್ಳೇ ಆಟಗಾರ, ಆದರೆ ಮ್ಯಾಂಟಲ್‌ನ ಹತ್ತಿರಕ್ಕೂ ಬರೋನಲ್ಲ. ಆದರೆ ಆ ಸೆಟ್ಟಿನ ಮೊದಲನೇ ನಂಬರು ಅವನದು. ಹುಡುಗರು ನಂಬರ್ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗೀತಿದ್ರು. ಬ್ಯಾಂಡಿನ ಕಚ್ಚು, ಕೈ ಬೆವರು, ಡಬ್ಬದ ಧೂಳು, ಎಲ್ಲದಕ್ಕೂ ಮೊದಲು ಎದೆ ಕೊಟ್ಟವನು ಪಾಫ್ಕೋ. ಹಾಗಾಗಿ ಮೂಲೆ ಮುಕ್ಕಾಗದ ಪಾಫ್ಕೋ ಸಿಗೋದೇ ಇಲ್ಲ ಅನ್ನೋ ಹಾಗಾಯ್ತು. ಕಾರ್ಡಿನ ಸ್ಥಿತಿ ನೋಡಿ ಹತ್ತಕ್ಕೆ ಇಷ್ಟು ಅಂತ ಗ್ರೇಡ್ ಕೊಡೋ ಕಂಪನಿಗಳಿವೆ, ಪಿಎಸ್ಎ ಅಂಥದ್ದೊಂದು. 1998ರಲ್ಲಿ ಪಿಎಸ್ಎ ಹತ್ತಕ್ಕೆ ಹತ್ತು ಕೊಟ್ಟ ಒಂದು ಪಾಫ್ಕೋ ಸುಮಾರು 84 ಸಾವಿರ ಡಾಲರಿಗೆ ಹೋಯ್ತು. ಆಗ ಎಲ್ಲರೂ ನಕ್ಕರು. ಆ ಬೆಲೆ ಆಟಗಾರನಿಗಲ್ಲ, ರಬ್ಬರ್ ಬ್ಯಾಂಡ್ ಮುಟ್ಟದ ಜಾಗಕ್ಕೆ.

ನಿಮ್ಮದಕ್ಕೆ ಬ್ಯಾಂಡ್ ಕಚ್ಚಿದೆ ಅಂದಮೇಲೆ ಅದು ನೂರರ ಲೆಕ್ಕ, ಸಾವಿರಗಳ ಲೆಕ್ಕ ಅಲ್ಲ. ಆದರೆ ಅಸಲಿ. ಆ ಕಂದು ಗೆರೆಯನ್ನ ಉಗುರಿನಲ್ಲಿ ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತಿರ ಕೂಡ ತರಬೇಡಿ.

ಅಂಚೆಚೀಟಿ_ಬಸವನಗುಡಿ
ನಲವತ್ತು ವರ್ಷದಿಂದ ಸ್ಟಾಂಪ್ ಕೂಡಿಸ್ತಿರೋನು ನಾನು. ನನಗೊಂದು ಹೊಟ್ಟೆಯುರಿ ಇದೆ, ಹೇಳಿಬಿಡ್ತೀನಿ.

ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟಿನ ಕೆನ್ನೀಲಿ ಚೀಟಿ ಪ್ರಪಂಚದಲ್ಲಿ ಇರೋದೇ ಒಂದು. ಎರಡನೇದಿಲ್ಲ. 2014ರಲ್ಲಿ 9.48 ಮಿಲಿಯನ್ ಡಾಲರಿಗೆ ಹೋಯ್ತು, 2021ರಲ್ಲಿ 8.3ಕ್ಕೆ ಇಳೀತು. ಈ ಮ್ಯಾಂಟಲ್ ಕಾರ್ಡು ಎಷ್ಟಿವೆ? ಗ್ರೇಡಿಂಗ್ ಆಗಿರೋದೇ ಸಾವಿರದ ಮೇಲಿವೆ ಅಂತಾರೆ. ಒಂದೇ ಒಂದಿರೋದು ಇಳಿಯುತ್ತೆ, ಸಾವಿರ ಇರೋದು ಏರುತ್ತೆ. ಇದ್ಯಾವ ನ್ಯಾಯ ಸ್ವಾಮಿ?

ಮೂರುನದಿ
ಸಾವಿರದ ಮೇಲಿರೋದು ನಿಜ. ಇನ್ನೂ ಉಪ್ಪು ಸುರೀತೀನಿ: ಆ ಮ್ಯಾಂಟಲ್ ಅಚ್ಚಿನ ಹಾಳೆಯಲ್ಲಿ ಎರಡೆರಡು ಸಲ ಇತ್ತು. ಅಂದರೆ ಅಕ್ಕಪಕ್ಕದ ನಂಬರಿನವರಿಗಿಂತ ಅವನದು ಜಾಸ್ತಿ ಅಚ್ಚಾಗಿದೆ. ಅದು ಅವನ ಮೊದಲ ಕಾರ್ಡೂ ಅಲ್ಲ. ಮೊದಲನೇದು 1951ರಲ್ಲಿ ಬೋಮನ್ ಕಂಪನಿಯದು.

ಮತ್ತೆ ಯಾಕೆ ಈ ಬೆಲೆ? ನನ್ನ ಪ್ರಕಾರ ಕಾರ್ಡು ಎಷ್ಟು ಉಳಿದಿವೆ ಅನ್ನೋದಕ್ಕಿಂತ, ಅದನ್ನ ಕಳ್ಕೊಂಡವರು ಎಷ್ಟು ಜನ ಅನ್ನೋದು ಮುಖ್ಯ. ಗಯಾನಾ ಚೀಟಿಯನ್ನ ಚಿಕ್ಕಂದಿನಲ್ಲಿ ಜೇಬಲ್ಲಿಟ್ಟುಕೊಂಡು ಕಳ್ಕೊಂಡವರು ಯಾರೂ ಇಲ್ಲ. 1952ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರು 1980ರ ದಶಕದಲ್ಲಿ ವಕೀಲರು, ಡಾಕ್ಟರುಗಳು, ಕಂಪನಿ ಮಾಲೀಕರಾದರು. "ನಮ್ಮಮ್ಮ ಎಸೆದುಬಿಟ್ಟಳು" ಅಂತ ಕೊರಗದ ಒಬ್ಬನನ್ನೂ ನಾನು ಕಂಡಿಲ್ಲ. ಆ ಕೊರಗನ್ನ ವಾಪಸ್ ಕೊಂಡ್ಕೋಳೋಕೆ ಅವರ ಹತ್ತಿರ ಆಗ ದುಡ್ಡಿತ್ತು.

ಇನ್ನೊಂದು, ಕಂಪನಿಯೇ ಎಸೆದದ್ದು. 311ರಿಂದ 407ರವರೆಗಿನ ಕೊನೇ ಕಂತು ಆ ವರ್ಷ ತಡವಾಗಿ ಬಂತು. ಅಷ್ಟರಲ್ಲಿ ಬೇಸ್‌ಬಾಲ್ ಮುಗಿಯೋ ಹೊತ್ತು, ಫುಟ್‌ಬಾಲ್ ಬಂತು, ಅಂಗಡಿಯವರು ಬೇಡ ಅಂದ್ರು. ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೀತು. ಟಾಪ್ಸ್‌ನ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡ ಪ್ರಕಾರ, 1960ರಲ್ಲಿ ಪೆಟ್ಟಿಗೆಗಳನ್ನ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಹಡ್ಸನ್‌ದಂಡೆಯವರೇ, ನಿಮ್ಮ ನ್ಯೂಜೆರ್ಸಿ ಕರಾವಳಿ ಆಚೆಗೇ. ಆ ಕಾರ್ಡುಗಳನ್ನ ವಿನ್ಯಾಸ ಮಾಡಿದವರೂ ಅವರೇ, ಮುಳುಗಿಸಿದವರೂ ಅವರೇ. ಯಾರಿಗೂ ಬೇಡವಾಗಿತ್ತು ಆವತ್ತು.

ಕುಡ್ಲ_ಟು_ಫ್ರೀಮಾಂಟ್
ಮ್ಯಾಂಟಲ್ ದಾಖಲೆ ಮುರಿದು ಆಯಿತು ಮಾರಾಯ್ರೆ. 2025ರ ಆಗಸ್ಟ್‌ನಲ್ಲಿ ಮೈಕಲ್ ಜೋರ್ಡನ್ ಮತ್ತು ಕೋಬಿ ಬ್ರಯಂಟ್ ಇಬ್ಬರ ಸಹಿ ಇರುವ ಬಾಸ್ಕೆಟ್‌ಬಾಲ್ ಕಾರ್ಡು 12.93 ಮಿಲಿಯನಿಗೆ ಹೋಯಿತು. ಅದು 2007ರ ಸೀಸನಿನದ್ದು! ನನ್ನ ಕಾರಿಗಿಂತ ಎರಡೇ ವರ್ಷ ಹಳತು. ಎಂತ ವಿಂಟೇಜ್?

ಮೂರುನದಿ
ಅದೇ ನನ್ನ ಜಗಳ. ಅದನ್ನ ಅಚ್ಚು ಹಾಕುವಾಗಲೇ "ಇದೊಂದೇ" ಅಂತ ತೀರ್ಮಾನ ಮಾಡಿ ಹಾಕಿದ್ದು. ಫ್ಯಾಕ್ಟರಿಯಲ್ಲಿ ತಯಾರಾದ ಅಪರೂಪ. ಮ್ಯಾಂಟಲ್ ಅಪರೂಪ ಆಗಿದ್ದು ಅಮ್ಮಂದಿರಿಂದ, ಸೈಕಲ್ ಚಕ್ರದ ಕಡ್ಡಿಗೆ ಸಿಗಿಸಿ ಟರ್ರ್ ಅಂತ ಸದ್ದು ಮಾಡಿಸಿದ ಹುಡುಗರಿಂದ, ಸಮುದ್ರದಿಂದ. ಎರಡನ್ನೂ ಒಂದೇ ತಕ್ಕಡೀಲಿ ಹಾಕಬೇಡಿ. ದುಡ್ಡಿರೋರು ಹಾಕ್ತಾರೆ, ಅದು ಬೇರೆ ಮಾತು.

ಧಾರವಾಡ_ಪೇಢಾ
ಕೊಳ್ಳಾಂವಗ ಎರಡೂ ಒಂದ ಅಲ್ಲೇನ್ರಿ? ರೊಕ್ಕಾ ಇಡೂ ಜಾಗಾ. ಕೆಲವರು ಬಂಗಾರ, ಕೆಲವರು ಸೈಟು, ಇವರು ರಟ್ಟು. 12.6 ಮಿಲಿಯನ್ ಕಾರ್ಡು ಮಾರಿದಾಂವ ಎಷ್ಟಕ್ಕ ತಗೊಂಡಿದ್ದ ಹೇಳ್ರಿ ನೋಡೋಣ.

ಮೂರುನದಿ
1991ರಲ್ಲಿ 50 ಸಾವಿರ ಡಾಲರಿಗೆ, ನ್ಯೂಯಾರ್ಕಿನ ಒಂದು ಕಾರ್ಡ್ ಮೇಳದಲ್ಲಿ. ಆವತ್ತು ಅದನ್ನ ಹುಚ್ಚು ಬೆಲೆ ಅಂದವರು ಬಹಳ ಜನ. ಆ ಕಾರ್ಡು 1986ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಮನೆಯಲ್ಲಿ ಸಿಕ್ಕಿದ ರಾಶಿಯದು. ಹೊಸದರ ಹಾಗೇ ಉಳಿದಿದ್ದ 1952ರ ಸರಕು, ಮೂಲೆ ಎಲ್ಲ ಚೂಪು. ಹತ್ತಕ್ಕೆ 9.5 ಬಂದಿದೆ ಅದಕ್ಕೆ. ಹತ್ತಕ್ಕೆ ಹತ್ತು ಬಂದ ಮೂರು ಮ್ಯಾಂಟಲ್‌ಗಳಿವೆ, ಅವು ಈಚೆಗೆ ಮಾರಾಟಕ್ಕೇ ಬಂದಿಲ್ಲ.

ಒಂದು ಮಾತು: 12.6 ಅನ್ನೋದರಲ್ಲಿ ಹರಾಜು ಮನೆ ಕೊಳ್ಳೋನ ಮೇಲೆ ಹಾಕೋ ಕಮಿಷನ್ನೂ ಸೇರಿದೆ. ಪೇಪರಿನಲ್ಲಿ ಬರೋ ಅಂಕಿಯೆಲ್ಲ ಮಾರಿದವನ ಜೇಬಿಗೆ ಹೋಗಲ್ಲ.

ತೆರಿಗೆ_ತಲೆನೋವು
ಜೇಬಿಗೆ ಹೋದದ್ದರಲ್ಲೂ ಸರ್ಕಾರದ ಪಾಲಿದೆ. ಷೇರು ವರ್ಷಗಟ್ಟಲೆ ಇಟ್ಟು ಮಾರಿದರೆ ಹೆಚ್ಚೆಂದರೆ 20 ಪರ್ಸೆಂಟ್ ಫೆಡರಲ್ ತೆರಿಗೆ. ಕಾರ್ಡು, ನಾಣ್ಯ, ಸ್ಟಾಂಪು ಎಲ್ಲ ಸಂಗ್ರಹದ ವಸ್ತು ಅಂತ ಗರಿಷ್ಠ 28ರವರೆಗೆ. ಅಜ್ಜಿಗೆ ಮಾತ್ರ ಒಂದು ಅನುಕೂಲ: ಯಜಮಾನರಿಂದ ಬಂದ ಆಸ್ತಿಗೆ ಅವರು ತೀರಿಕೊಂಡ ದಿನದ ಬೆಲೆಯೇ ಮೂಲ ಬೆಲೆ. 1952ರ ಒಂದು ಸೆಂಟಿನಿಂದ ಲೆಕ್ಕ ಹಾಕಬೇಕಿಲ್ಲ. 94 ಕಾರ್ಡಿಗೆ ಇದೆಲ್ಲ ದೊಡ್ಡ ವಿಷಯ ಅಲ್ಲ, ಆದರೂ ಒಂದು ಚೀಟೀಲಿ ಬರೆದಿಟ್ಟುಕೊಳ್ಳಲಿ.

ಕುಡ್ಲ_ಟು_ಫ್ರೀಮಾಂಟ್
ಗ್ರೇಡಿಂಗ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ನನ್ನ ಮರ್ಯಾದೆ ಹೋದ ಕಥೆ. 2021ರ ಫೆಬ್ರವರಿ. ಕೋವಿಡ್ ಟೈಮಲ್ಲಿ ಎಲ್ಲರ ಕೈಯಲ್ಲಿ ಪುರುಸೊತ್ತು, ಮ್ಯಾಂಟಲಿನ ಒಂಬತ್ತರ ಗ್ರೇಡಿನದ್ದು ಅದೇ ಜನವರಿಯಲ್ಲಿ 5.2 ಮಿಲಿಯನಿಗೆ ಹೋಗಿತ್ತು. ನಾನೂ ಬಿದ್ದೆ. ಮ್ಯಾಂಟಲ್ ನಮ್ಮ ಯೋಗ್ಯತೆಗೆ ಇಲ್ಲ, ಕೆನ್ ಗ್ರಿಫಿ ಜೂನಿಯರ್ ಎಂಬ ಆಟಗಾರನದ್ದು, 1989ರ ಅಪ್ಪರ್ ಡೆಕ್ ಕಂಪನಿಯ ಕಾರ್ಡು, ಹನ್ನೊಂದು ತೆಗೊಂಡೆ. ಎಲ್ಲವನ್ನೂ ಒಂದು ಗ್ರೇಡಿಂಗ್ ಕಂಪನಿಗೆ ಕಳಿಸಿದೆ, ಹೆಸರು ಬೇಡ. ವಾಪಸ್ ಬರುವಾಗ ಹದಿನಾಲ್ಕು ತಿಂಗಳು. ನಮ್ಮ ಎರಡನೇ ಮಗು ಅದಕ್ಕಿಂತ ಬೇಗ ಬಂತು. ಅಷ್ಟರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ. ಹನ್ನೊಂದರಲ್ಲಿ ಎಂಟು ಕಾರ್ಡಿಗೆ ಬಂದ ಗ್ರೇಡು 8, ಅದಕ್ಕೆ ಕೊಟ್ಟ ಫೀಸೂ ಹುಟ್ಟಲಿಲ್ಲ. ಈಗ ಆ ಪ್ಲಾಸ್ಟಿಕ್ ಚೌಕಟ್ಟುಗಳನ್ನ ಮಗಳು ಗೊಂಬೆ ಮನೆಯ ಬಾಗಿಲು ಮಾಡಿದ್ದಾಳೆ.

ಆಮೇಲೆ ಗೊತ್ತಾದದ್ದು, 80ರ ದಶಕದ ಕೊನೆ ಮತ್ತು 90ರ ಮೊದಲಲ್ಲಿ ಎಲ್ಲ ಕಂಪನಿಗಳೂ ಲೆಕ್ಕವಿಲ್ಲದೆ ಅಚ್ಚು ಹಾಕಿದ್ದವಂತೆ. ಹಳೇ ಕಾರ್ಡಿಗೆ ಬೆಲೆ ಬಂತು ಎಂದು ನೋಡಿ ಜನ ಹೊಸದನ್ನು ಬಾಕ್ಸುಗಟ್ಟಲೆ ಬಿಚ್ಚದೆ ಇಟ್ಟರು. ಎಲ್ಲರೂ ಜೋಪಾನ ಮಾಡಿದ ಮೇಲೆ ಬೆಲೆ ಎಲ್ಲಿಂದ ಬರುವುದು? ಇಲ್ಲಿ ಅದನ್ನು ಕಸದ ಕಾಲ ಎಂದೇ ಕರೆಯುವುದು.

ಅಂಚೆಚೀಟಿ_ಬಸವನಗುಡಿ
ಅಂದರೆ ಅಮ್ಮಂದಿರು ಎಸೆಯೋದನ್ನ ನಿಲ್ಲಿಸಿದ ದಿನ ಈ ವ್ಯಾಪಾರ ಕೆಟ್ಟಿತು ಅನ್ನಿ.

ಮೂರುನದಿಯವರೇ, ನೂರು ವರ್ಷದ ಹಿಂದಿನ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ನಿಮ್ಮೂರಿನವನೇ ಅಲ್ವಾ? ಅವನ ಕಾರ್ಡಿನ ವಿಷಯ ನೀವು ಹೇಳದೇ ಇರೋದು ನೋಡಿ ಆಶ್ಚರ್ಯ ಆಗ್ತಿದೆ.

ಮೂರುನದಿ
ಹೇಳೋಕೆ ಶುರು ಮಾಡಿದರೆ ನಿಲ್ಲಿಸಲ್ಲ ಅಂತ ಹೆಂಡತಿ ಎಚ್ಚರಿಸಿದ್ದಾಳೆ. ನಮ್ಮೂರಿನ ಬೇಸ್‌ಬಾಲ್ ಮೈದಾನ ಪಿಎನ್‌ಸಿ ಪಾರ್ಕ್ ಬಾಗಿಲಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಭಾರತದಿಂದ ಯಾರೇ ಬಂದರೂ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನ ಆದಮೇಲೆ ನಾನು ಅವರನ್ನ ಕರ್ಕೊಂಡು ಹೋಗೋದು ಅಲ್ಲಿಗೇ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಸಿಗರೇಟು ಪ್ಯಾಕಿನಲ್ಲಿ ಕಾರ್ಡು ಹಾಕ್ತಿತ್ತು. ಮಡಚಿದ ಬಸ್ ಟಿಕೆಟಿಗಿಂತ ಸ್ವಲ್ಪ ದೊಡ್ಡದು. ವ್ಯಾಗ್ನರ್ ತನ್ನದನ್ನ ನಿಲ್ಲಿಸಿ ಅಂದ. ಮಕ್ಕಳು ತನ್ನ ಚಿತ್ರಕ್ಕೋಸ್ಕರ ಸಿಗರೇಟು ಕೊಳ್ಳೋದು ಬೇಡ ಅಂದ ಅಂತ ಒಂದು ಕತೆ, ದುಡ್ಡು ಸರಿಹೋಗಲಿಲ್ಲ ಅಂತ ಇನ್ನೊಂದು. ಅವನೇ ತಂಬಾಕು ಜಗಿಯೋನು, ಅದಕ್ಕೇ ಜನ ಎರಡನೇ ಕತೆ ಎತ್ತೋದು. ಈಗ ಉಳಿದಿರೋದು ಅರವತ್ತರ ಆಸುಪಾಸು. 2021ರಲ್ಲಿ ಒಂದು 6.6 ಮಿಲಿಯನ್, 2022ರಲ್ಲಿ ಇನ್ನೊಂದು ಹರಾಜಿಲ್ಲದೆ 7.25 ಮಿಲಿಯನ್. ಆ 7.25ರ ಕಾರ್ಡಿಗೆ ಗ್ರೇಡು ಎಷ್ಟು ಗೊತ್ತಾ? ಹತ್ತಕ್ಕೆ ಎರಡು.

ಎಲ್ಲಕ್ಕಿಂತ ಚೆನ್ನಾಗಿರೋ ವ್ಯಾಗ್ನರ್ ಕಾರ್ಡಿನದೇ ಕೆಟ್ಟ ಕತೆ. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಮತ್ತು ಅವನ ಪಾಲುದಾರ ಸೇರಿ 4 ಲಕ್ಷ 51 ಸಾವಿರ ಡಾಲರ್ ಕೊಟ್ಟರು. ಪಿಎಸ್ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡು ಅದು, ಹತ್ತಕ್ಕೆ ಎಂಟು. 2007ರಲ್ಲಿ 2.8 ಮಿಲಿಯನ್. ಅದನ್ನ ಮೊದಲು ಮಾರಿದ್ದ ಬಿಲ್ ಮಾಸ್ಟ್ರೋ ಮುಂದೆ ದೊಡ್ಡ ಹರಾಜು ಮನೆ ನಡೆಸಿದ. ಸುಳ್ಳು ಬಿಡ್ ಹಾಕಿಸಿ ಬೆಲೆ ಏರಿಸಿದ್ದಕ್ಕೆ ಸಿಕ್ಕಿಬಿದ್ದ. 2013ರಲ್ಲಿ ತಪ್ಪೊಪ್ಪಿಗೆಯ ಜೊತೆಗೆ, ಆ ವ್ಯಾಗ್ನರ್ ಅಂಚನ್ನು ತಾನೇ ಕತ್ತರಿಸಿದ್ದೆ ಅಂತಲೂ ಒಪ್ಪಿಕೊಂಡ. 2015ರಲ್ಲಿ ಇಪ್ಪತ್ತು ತಿಂಗಳ ಸಜೆ ಆಯ್ತು. ಕತ್ತರಿ ಬಿದ್ದ ಕಾರ್ಡಿಗೆ ನಂಬರ್ ಗ್ರೇಡೇ ಕೊಡಬಾರದು ಅನ್ನೋದು ನಿಯಮ. ಕೊಟ್ಟ ಎಂಟು ಹಾಗೇ ಉಳೀತು.

ಧಾರವಾಡ_ಪೇಢಾ
ಅಂದ್ರ ಕಟಿಂಗ್ ಮಾಡಿಸಿದಾಂವಗ ಎಂಟು, ಹಂಗ ಇದ್ದಾಂವಗ ಎರಡು! ಭಾಳ ಚಲೋ.

ಅಂಚೆಚೀಟಿ_ಬಸವನಗುಡಿ
ವ್ಯಾಗ್ನರ್ ಇರೋ ಆ ಸಿಗರೇಟು ಕಾರ್ಡುಗಳ ಸೆಟ್ಟನ್ನ "ಟಿ206" ಅಂತಾರಲ್ಲ, ಆ ಹೆಸರಿನ ಮೂಲ ಹುಡುಕಿದೆ. ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್ ಅನ್ನೋರು ಎಲ್ಲ ಕಾರ್ಡುಗಳಿಗೂ ಕ್ಯಾಟಲಾಗ್ ಮಾಡಿ ಇಟ್ಟ ಸಂಖ್ಯೆ. ಟಿ ಅಂದರೆ ತಂಬಾಕು. ಅವರ ಕೈಬೆರಳೆಲ್ಲ ಸಂಧಿವಾತ. ಅಷ್ಟರಲ್ಲೇ ಮೂವತ್ತು ಸಾವಿರಕ್ಕೂ ಮೇಲೆ ಬೇಸ್‌ಬಾಲ್ ಕಾರ್ಡನ್ನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಸುಮ್ಮನೆ ಕೊಟ್ಟು, ತಾವೇ ಕೂತು ಆಲ್ಬಮ್ಮಿಗೆ ಅಂಟಿಸಿದರಂತೆ. ಅಂಟಿಸಿದರು! ಗೋಂದು ಹಚ್ಚಿ! ಇವತ್ತಿನ ಗ್ರೇಡಿಂಗಿನವರು ಕೇಳಿದರೆ ಮೂರ್ಛೆ ಹೋಗ್ತಾರೆ. ನನಗೆ ಈ ಮನುಷ್ಯ ಇಷ್ಟವಾದರು.

ಹಡ್ಸನ್‌ದಂಡೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಡಬ್ಬ ವಾಪಸ್ ತಗೊಂಡು ಹೋದೆ. ಮ್ಯಾಂಟಲ್ ಡೂಪ್ಲಿಕೇಟ್ ಅಂತ ಹೇಗಪ್ಪಾ ಹೇಳೋದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡಿದ್ದೆ. ದಾರಿ ಅಂದ್ರೆ ಇಪ್ಪತ್ತು ಹೆಜ್ಜೆ.

ಹೇಳಿದೆ. ಅಜ್ಜಿ ನಕ್ಕುಬಿಟ್ಟರು. ಅವರಿಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ಅವರೇ 80ರ ದಶಕದಲ್ಲಿ ಮರುಮುದ್ರಣ ಅಂತ ತಿಳಿದೇ ಕೊಂಡದ್ದು. ಹುಡುಗ ಆಗಿದ್ದಾಗ ಬೇಸಿಗೆ ರಜೆಯಲ್ಲಿ ಮನೆ ಮನೆಗೆ ಪೇಪರ್ ಹಾಕಿ, ಬಂದ ಕಾಸಲ್ಲಿ ಪ್ಯಾಕು ಕೊಳ್ತಿದ್ದರಂತೆ. ಶಾಲೆ ಶುರುವಾದ ಮೇಲೆ ಆ ಕೆಲಸ ಬಿಟ್ಟಿತು, ಕಾರ್ಡೂ ನಿಂತಿತು. ಮೂರುನದಿಯವರು ಬರೆದ "ತಡವಾಗಿ ಬಂದ ಕಂತು" ಆಗ ನೆನಪಾಯ್ತು. ಮನೆಗೆ ಬಂದು 94ನ್ನೂ ತಿರುಗಿಸಿ ನಂಬರ್ ನೋಡಿದೆ. ಎಲ್ಲಕ್ಕಿಂತ ದೊಡ್ಡದು 246. ಆ ಹುಡುಗ ಅಲ್ಲಿಗೇ ನಿಲ್ಲಿಸಿದ್ದಾನೆ. 311 ಅವನ ಕಣ್ಣಿಗೇ ಬಿದ್ದಿಲ್ಲ.

ಡಬ್ಬ ಮತ್ತೆ ನನ್ನ ಹತ್ತಿರಾನೇ ಇದೆ. ಮಾರಿಕೊಡು ಅಂದಿದ್ದಾರೆ. ಹತ್ತಿರದ ಅಂಗಡಿಯವನು ಫೋಟೋ ನೋಡಿ ಎಲ್ಲಕ್ಕೂ ಸೇರಿ 900 ಡಾಲರ್ ಅಂದ. ಕೊಡಲಾ?

ಮೂರುನದಿ
ಬೇಡ. ಫೋಟೋ ನೋಡಿ ಒಂದೇ ಬಾಯಿಗೆ ಇಡೀ ರಾಶಿಗೆ ಬೆಲೆ ಹೇಳೋನಿಗೆ ಅವಸರದಲ್ಲಿ ಕೊಡಬಾರದು. 94ರ ಪಟ್ಟಿ ಮಾಡಿ: ನಂಬರು, ಹೆಸರು, ಹಿಂಬದಿ ಶಾಯಿ ಕೆಂಪೋ ಕಪ್ಪೋ (80ರ ಒಳಗಿನವಕ್ಕೆ ಮಾತ್ರ ಆ ವ್ಯತ್ಯಾಸ), ಮಡಿಕೆ ಇದೆಯಾ ಇಲ್ಲವಾ. ಇಬೇಯಲ್ಲಿ ಮಾರಾಟ ಆಗಿ ಮುಗಿದಿರೋ ಬೆಲೆ ಮಾತ್ರ ನೋಡಿ, ಮಾರೋನು ಕೇಳ್ತಿರೋ ಬೆಲೆ ಅಲ್ಲ. ಕೇಳೋದಕ್ಕೆ ಯಾರು ಬೇಕಾದರೂ ಚಂದ್ರನನ್ನ ಕೇಳಬಹುದು. ಯೋಗಿ ಬೆರಾ ನಂಬರ್ 191, ವಿಲಿ ಮೇಸ್ ನಂಬರ್ 261. ಮೇಸ್ ನಿಮ್ಮ ರಾಶಿಯಲ್ಲಿರಲ್ಲ, ಬೆರಾ ಇದ್ದರೂ ಇರಬಹುದು. ಅದೊಂದಿದ್ದರೆ ಲೆಕ್ಕವೇ ಬೇರೆ.

ಗ್ರೇಡಿಂಗಿಗೆ ಪಾಫ್ಕೋ ಮತ್ತು ಬೆರಾ ಬಿಟ್ಟು ಯಾವುದನ್ನೂ ಕಳಿಸಬೇಡಿ. ಫ್ರೀಮಾಂಟಿನವರ ಗೊಂಬೆ ಮನೆ ನೆನಪಿಟ್ಟುಕೊಳ್ಳಿ.

ಕುಡ್ಲ_ಟು_ಫ್ರೀಮಾಂಟ್
ಬಾಗಿಲು ಸಾಕು, ಈಗ ಕಿಟಕಿ ಬೇಕಂತೆ.

ಹಡ್ಸನ್‌ದಂಡೆ
191 ಇದೆ!! ಎರಡನೇ ಕಟ್ಟಿನ ಮಧ್ಯದಲ್ಲಿ. ಒಂದು ಮೂಲೆ ಮಡಚಿದೆ, ಹಿಂದೆ ಪೆನ್ಸಿಲ್ಲಿನಲ್ಲಿ ಏನೋ ಬರೆದಿದೆ, ಹುಡುಗನ ಅಕ್ಷರ. ಅದೊಂದು ಲೆಕ್ಕ ಅನ್ಸುತ್ತೆ: 31ರಲ್ಲಿ 5 ಕಳೆದು 26 ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾನೆ. ಪೇಪರ್ ಹಾಕಿದ ದುಡ್ಡಿರಬಹುದು. ಅಳಿಸಬಹುದಾ? ಪೆನ್ಸಿಲ್ ತಾನೇ.

ಮೂರುನದಿ
ಪೆನ್ಸಿಲ್ ಗುರುತಿಗೆ ಗ್ರೇಡು ಇಳಿಯುತ್ತೆ. ಅಳಿಸಿದ್ದು ಗೊತ್ತಾದರೆ ಇನ್ನೂ ಇಳಿಯುತ್ತೆ. ಗೊತ್ತಾಗದ ಹಾಗೆ ಅಳಿಸೋರೂ ಇದ್ದಾರೆ, ಅವರ ಫೋನ್ ನಂಬರು ನಾನು ಕೊಡಲ್ಲ. ಅಜ್ಜಿಗೆ ಆ ಹಿಂಬದಿ ತೋರಿಸಿದಿರಾ?

ಹಡ್ಸನ್‌ದಂಡೆ
ಇಲ್ಲ. ಈಗ ರಾತ್ರಿ ಹನ್ನೊಂದೂವರೆ, ಅವರ ಅಡುಗೆ ಮನೆ ದೀಪ ಆರಿದೆ. ಬೆಳಗ್ಗೆ ಕಾಫಿ ಹೊತ್ತಿಗೆ ತಗೊಂಡು ಹೋಗ್ತೀನಿ.